ಪುಟ್ಟಿ ಯಾವ ಹಾಡು ಹಾಡಬೇಕು?

ಗುಂಪು: ನಮ್ಮ ಮನೆ ಮುಂಬಯಿ

ಮುಲುಂಡ್ ಚಿಕ್ಕಪ್ಪ: ಎಲ್ಲರೂ ಈ ವಿಡಿಯೋ ಪೂರ್ತಿ ನೋಡಿ. ಅಮೆರಿಕದ ಹುಡುಗಿ ಗ್ರೇಸ್ ವ್ಯಾಂಡರ್‌ವಾಲ್. 2016ರಲ್ಲಿ ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್’ ಅನ್ನೋ ಟಿವಿ ಪ್ರತಿಭಾ ಸ್ಪರ್ಧೆ ಗೆದ್ದಾಗ ಬರೀ 12 ವರ್ಷ. ಹತ್ತು ಲಕ್ಷ ಡಾಲರ್ ಬಹುಮಾನ! ನಮ್ಮ ಪುಟ್ಟಿಗೆ ಈಗ 13. ಈ ಸಲ ಟಿವಿ ಹಾಡಿನ ಸ್ಪರ್ಧೆಯ ಆಡಿಷನ್‌ಗೆ ಹೆಸರು ಕೊಡೋಣ. ಎರಡು ಹಿಟ್ ಹಾಡು ಚೆನ್ನಾಗಿ ಕಲಿಸಿ.

ನಾನು: ನಾನೂ ನೋಡಿದೆ ಚಿಕ್ಕಪ್ಪ. ಆ ಹುಡುಗಿ ಹಾಡಿದ್ದು ಹಿಟ್ ಹಾಡಲ್ಲ, ತಾನೇ ಬರೆದಿದ್ದು. ತೀರ್ಪುಗಾರ ಹಾವಿ ಮ್ಯಾಂಡೆಲ್ ಅವಳನ್ನು ನೇರ ಲೈವ್ ಸುತ್ತಿಗೆ ಕಳಿಸೋ ಗೋಲ್ಡನ್ ಬಜರ್ ಒತ್ತಿದ್ದು ಆ ಹಾಡಿಗೇ. ಫೈನಲ್ ತನಕ ಅವಳದೇ ಹಾಡು. ಕೈಯಲ್ಲಿ ನಾಲ್ಕು ತಂತಿಯ ಉಕುಲೇಲೆ, ಅದನ್ನೂ ಯೂಟ್ಯೂಬ್ ನೋಡಿ ಕಲಿತಿದ್ದು.

ಮುಲುಂಡ್ ಚಿಕ್ಕಪ್ಪ: ಸರಿ ಕಣಮ್ಮ. ಟಿವಿ ಇಲ್ಲದಿದ್ದರೆ ಆ ಹಾಡು ಯಾರ ಕಿವಿಗೆ ಬೀಳುತ್ತಿತ್ತು?

ಪುಣೆ ಅತ್ತೆ: ಅಣ್ಣ ಹೇಳೋದು ನಿಜ. ಹಾವೇರಿ ಕಡೆ ಕುರಿ ಕಾಯುತ್ತಿದ್ದ ಹನುಮಂತನನ್ನು ನಮಗೆ ತೋರಿಸಿದ್ದು ಸರಿಗಮಪ ಅಲ್ವಾ?

ನಾನು: ಹೌದತ್ತೆ. ಆದರೆ ಅವನು ನಮಗೆ ಹಿಡಿಸಿದ್ದು ಯಾಕೆ? ತನ್ನ ಊರಿನ ಹಾಡನ್ನು ತನ್ನ ದನಿಯಲ್ಲೇ ಹಾಡಿದ. ಹೋದ ವರ್ಷ ಪುಟ್ಟಿಯನ್ನು ಅಂಧೇರಿಗೆ ಆಡಿಷನ್‌ಗೆ ಕರೆದುಕೊಂಡು ಹೋದವಳು ನಾನು. ಬೆಳಿಗ್ಗೆ 6ಕ್ಕೇ ಸಾಲು. ಸಂಜೆ ಒಳಗೆ ಕರೆದರು. "ನಾನೇ ಬರೆದಿದ್ದು ಹಾಡ್ಲಾ?" ಅಂದಳು. "ಅದೆಲ್ಲ ಬೇಡ, ಸಿನಿಮಾ ಹಾಡು ಹೇಳು" ಅಂದರು. ಅರ್ಧ ನಿಮಿಷಕ್ಕೆ ಮುಗಿಯಿತು. ದಾದರ್‌ನಲ್ಲಿ ಗಾಡಿ ಬದಲಿಸಿದರೂ, ಡೊಂಬಿವಲಿ ಬಂದರೂ ಒಂದು ಮಾತಾಡಲಿಲ್ಲ.

ಪುಣೆ ಅತ್ತೆ: ಅಯ್ಯೋ, ನನಗೆ ಗೊತ್ತೇ ಇರಲಿಲ್ಲ.

ಮುಲುಂಡ್ ಚಿಕ್ಕಪ್ಪ: ಒಂದು ಸಲ ಆಗಲಿಲ್ಲ ಅಂತ ಬಿಟ್ಟುಬಿಡೋದಾ? ಗಾಯಕ ಅರಿಜಿತ್ ಸಿಂಗ್ ಕೂಡ 2005ರಲ್ಲಿ ಫೇಮ್ ಗುರುಕುಲ ಅನ್ನೋ ಟಿವಿ ಹಾಡಿನ ಸ್ಪರ್ಧೆ ಗೆಲ್ಲಲಿಲ್ಲ. ಈಗ ನೋಡು.

ಬೋರಿವಲಿ ಅಣ್ಣ: ಅವನಿಗೆ ದೊಡ್ಡ ಹೆಸರು ಬಂದಿದ್ದು 2013ರಲ್ಲಿ ಚಿಕ್ಕಪ್ಪ. ನಡುವಿನ ವರ್ಷಗಳಲ್ಲಿ ಬೇರೆ ಸಂಗೀತ ನಿರ್ದೇಶಕರ ಕೈಕೆಳಗೆ ಸ್ಟುಡಿಯೋದಲ್ಲಿ ದುಡಿದ. ಮತ್ತೆ ಆ ಹತ್ತು ಲಕ್ಷ ಡಾಲರ್ ಕೂಡ ಒಟ್ಟಿಗೆ ಕೈಗೆ ಬರಲ್ಲ. 40 ವರ್ಷದ ಕಂತು. ಒಂದೇ ಸಲ ಬೇಕಂದರೆ ಕಡಿಮೆ ಕೊಡುತ್ತಾರೆ.

ಮುಲುಂಡ್ ಚಿಕ್ಕಪ್ಪ: ನಾನು ದುಡ್ಡಿಗೋಸ್ಕರ ಹೇಳಿದೆನಾ? ಮಗು ಚೆನ್ನಾಗಿ ಹಾಡುತ್ತೆ, ನಾಲ್ಕು ಜನ ಕೇಳಲಿ ಅಂತ ಆಸೆ. ಚಿಕ್ಕವನಿದ್ದಾಗ ನಾನೂ ಹಾಡುತ್ತಿದ್ದೆ. ನನ್ನನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ.

ನಾನು: ಆ ಆಸೆ ನನಗೂ ಇದೆ ಚಿಕ್ಕಪ್ಪ. ಆದರೆ ಅವಳ ಹಾಡನ್ನು ಮನೆಯವರೇ ಸರಿಯಾಗಿ ಕೇಳಿಲ್ಲ. ಚೌತಿ ದಿನ ಅಡುಗೆಮನೆ ಬಾಗಿಲಲ್ಲಿ ಕೂತು ಹಾಡಿದಳು. ನಾವೆಲ್ಲ ಮೋದಕ ಎಣಿಸುತ್ತಿದ್ದೆವು. ಅದು ಅಜ್ಜಿಯ ಹಾಡು. ಅಜ್ಜಿ ಫೋನ್ ತಲೆಕೆಳಗೆ ಹಿಡಿದು ಮೂರು ಸಲ ಹಲೋ ಅನ್ನುತ್ತಿದ್ದರಲ್ಲ, ಅದನ್ನೇ ಬರೆದಿದ್ದಾಳೆ. ಗಣಿತದ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿದೆ. ಮೊದಲ ಹಲೋ ಜೋರಾಗಿ, ಎರಡನೆಯದು ಮೆಲ್ಲಗೆ, ಮೂರನೆಯದು ಕೇಳಿಸೋದೇ ಇಲ್ಲ. ಇದನ್ನು ಬಿಟ್ಟು ಹಿಟ್ ಹಾಡು ಕಲಿ ಅಂತ ಸುಮ್ನೆ ಒತ್ತಾಯ ಮಾಡಿದರೆ ಅವಳು ಬರೆಯೋದನ್ನೇ ನಿಲ್ಲಿಸುತ್ತಾಳೆ. ನನಗೆ ಅದೇ ಹೆದರಿಕೆ.

ಪುಣೆ ಅತ್ತೆ: ಅಮ್ಮ ನನಗೂ ಹಾಗೇ ಮೂರು ಸಲ ಹಲೋ ಅನ್ನುತ್ತಿದ್ದಳು.

ಮುಲುಂಡ್ ಚಿಕ್ಕಪ್ಪ: ಫಾರ್ಮ್ ಅಂತೂ ನಾನು ತುಂಬುತ್ತೇನೆ. ‘ಸ್ವಂತ ಹಾಡು’ ಅಂತಲೇ ಬರೆಯುತ್ತೇನೆ, ಬೇಡ ಅಂದರೆ ಎದ್ದು ಬರೋಣ. ಅಮ್ಮನ ಹಾಡು ಮೊದಲು ಇಲ್ಲಿ ಕಳಿಸು.

ನಾನು: ಪುಟ್ಟಿ ಮಲಗಿದ್ದಾಳೆ ಚಿಕ್ಕಪ್ಪ. ನಾಳೆ ಶಾಲೆಯಿಂದ ಬಂದ ಮೇಲೆ ಅವಳನ್ನೇ ಕೇಳುತ್ತೇನೆ.