ಗೋಡೆಯಲ್ಲಿ ಹುದುಗಿಸಿದ ಕಲ್ಲು ಮೆಟ್ಟಿಲಿಗೆ ಸ್ಟೇರ್‌ಲಿಫ್ಟ್ ಕೂರಿಸಬಹುದೇ?

ಪ್ರಶ್ನೆ (ಕೋಲಾರದಿಂದ)

ಕೋಲಾರದ ಪೇಟೆಯಲ್ಲಿರುವ ನಮ್ಮ ಹಳೆಯ ಮನೆಯ ಕೆಳಭಾಗವನ್ನು ಅಂಗಡಿಗೆ ಬಾಡಿಗೆ ಕೊಟ್ಟಿರುವುದರಿಂದ ನಾವೆಲ್ಲ ವಾಸವಾಗಿರುವುದು ಮಹಡಿಯಲ್ಲಿ. 76 ವರ್ಷದ ನಮ್ಮ ತಾಯಿಯವರಿಗೆ ಎರಡೂ ಮಂಡಿ ಸವೆದಿದ್ದು, ಕಳೆದ ದೀಪಾವಳಿಯಿಂದೀಚೆಗೆ ಅವರು ಕೆಳಗಿಳಿದದ್ದು ಬೆರಳೆಣಿಕೆಯಷ್ಟು ಸಲ; ಶುಕ್ರವಾರ ತಪ್ಪದೆ ಹೋಗುತ್ತಿದ್ದ ಕೋಲಾರಮ್ಮನ ಗುಡಿಯೂ ಈಗ ದೂರವಾಗಿದೆ.

ತೊಡಕಿರುವುದು ಮೆಟ್ಟಿಲುಗಳಲ್ಲಿ. ತಾತನವರು ಕಟ್ಟಿಸಿದ ಕಾಲದವು. ಒಂದೊಂದು ಮೆಟ್ಟಿಲೂ ಒಂದೊಂದು ಚಪ್ಪಡಿ ಕಲ್ಲು, ಬಲತುದಿ ಗೋಡೆಯೊಳಗೆ ಹುದುಗಿದೆ, ಎಡತುದಿಗೆ ಕೆಳಗೆ ಯಾವ ಆಸರೆಯೂ ಇಲ್ಲ. ಒಟ್ಟು 17 ಮೆಟ್ಟಿಲು, ಅಗಲ 30 ಅಂಗುಲ. ಹತ್ತು ಮೆಟ್ಟಿಲು ಹತ್ತಿದ ಮೇಲೆ, ನಿಲ್ಲಲು ಸಮತಟ್ಟಾದ ಜಾಗವೇ ಇಲ್ಲದೆ, ಮೂರು ತ್ರಿಕೋನ ಮೆಟ್ಟಿಲುಗಳಲ್ಲೇ ಎಡಕ್ಕೆ ತಿರುಗುತ್ತದೆ. ಮೊದಲ ಮೆಟ್ಟಿಲಿಗೂ ಬೀದಿ ಬಾಗಿಲಿಗೂ ನಡುವೆ ಎರಡೇ ಅಡಿ. ಇಂಥ ಕಡೆ ಸ್ಟೇರ್‌ಲಿಫ್ಟ್ (ಮೆಟ್ಟಿಲುಗಳ ಪಕ್ಕದ ಹಳಿಯ ಮೇಲೆ ಓಡುತ್ತ, ಕುಳಿತವರನ್ನು ಹತ್ತಿಸಿ ಇಳಿಸುವ ಕುರ್ಚಿ) ಸಾಧ್ಯವೇ? ಗೋಡೆ ಮಣ್ಣಿನ ಗಾರೆಯದಾದ್ದರಿಂದ ಅದು ತಡೆಯುತ್ತದೆಯೇ ಎಂಬುದೂ ನಮ್ಮ ಅಂಜಿಕೆ.

ಉತ್ತರ 1 (ತುಮಕೂರಿನಿಂದ)

ನಮ್ಮ ತಂದೆಯವರಿಗಾಗಿ ಹಾಕಿಸಿದ ಅನುಭವದಿಂದ ಬರೆಯುತ್ತಿದ್ದೇನೆ. ಗೋಡೆಯ ಚಿಂತೆ ಬಿಡಿ. ಕುರ್ಚಿ ಓಡುವ ಹಳಿಯನ್ನು ಸಾಮಾನ್ಯವಾಗಿ ಗೋಡೆಗಲ್ಲ, ಮೆಟ್ಟಿಲುಗಳಿಗೇ ಕಾಲುಗಳ ಮೂಲಕ ಬಿಗಿಯುತ್ತಾರೆ. ನಡುವೆ ಸಮತಟ್ಟಾದ ಜಾಗವಿದ್ದಿದ್ದರೆ ಎರಡು ನೇರ ಹಳಿಗಳನ್ನು ಹಾಕಿ, ಅಲ್ಲಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಹುದಿತ್ತು. ತ್ರಿಕೋನ ಮೆಟ್ಟಿಲುಗಳಲ್ಲಿ ಆ ಸಾಹಸ ಬೇಡವೇ ಬೇಡ. ನಿಮಗೆ ಬೇಕಾದುದು ಬಾಗಿದ ಹಳಿ. ಅದನ್ನು ನಿಮ್ಮ ಮೆಟ್ಟಿಲುಗಳನ್ನು ಒಂದೊಂದಾಗಿ ಅಳೆದು ತಯಾರಿಸಬೇಕಾಗುವುದರಿಂದ ನೇರ ಹಳಿಗಿಂತ ಬಹಳ ದುಬಾರಿ, ಮುಂದೆ ಮನೆ ಬದಲಿಸಿದರೆ ಆ ಹಳಿ ಇನ್ನೊಂದು ಮನೆಗೆ ಒಗ್ಗುವುದೂ ಇಲ್ಲ.

ಅಗಲದ ವಿಷಯದಲ್ಲಿ ಮಾರುವವರ ಮಾತಿಗೆ ಮುನ್ನ ನೀವೇ ಒಂದು ಪರೀಕ್ಷೆ ಮಾಡಿ. ಕುರ್ಚಿಯಲ್ಲಿ ಕುಳಿತವರು ಗೋಡೆಗೆ ಬೆನ್ನು ಮಾಡಿ ಅಡ್ಡಲಾಗಿ ಸಾಗುತ್ತಾರೆ. ಆದ್ದರಿಂದ ತಾಯಿಯವರನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂರಿಸಿ, ಗೋಡೆಯಿಂದ ಮಂಡಿಯ ತುದಿಯವರೆಗೆ ಟೇಪು ಹಿಡಿಯಿರಿ. ಕುರ್ಚಿಯ ಬೆನ್ನು ಗೋಡೆಯಿಂದ ಕೆಲವು ಅಂಗುಲ ಮುಂದಿರುತ್ತದೆಂಬುದನ್ನು ಅದಕ್ಕೆ ಕೂಡಿಸಿ. ಬಾಗಿಲಿನ ಬಳಿ ಹಳಿಯ ಕೆಳತುದಿ ಮೇಲಕ್ಕೆ ಮಡಚಿಕೊಳ್ಳುವ ಬಗೆಯೂ ದೊರೆಯುತ್ತದೆ, ಕೇಳಿ ನೋಡಿ.

ಇನ್ನೊಂದು, ನಮ್ಮದೇ ತಪ್ಪಿನಿಂದ ಕಲಿತದ್ದು. ಕುರ್ಚಿ ಓಡುವುದು ತನ್ನೊಳಗಿನ ಬ್ಯಾಟರಿಗಳಿಂದ, ಹಾಗಾಗಿ ಕರೆಂಟು ಹೋದರೂ ನಡುದಾರಿಯಲ್ಲಿ ನಿಲ್ಲುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಮಲಗುವ ಮುನ್ನ ಎಲ್ಲ ಸ್ವಿಚ್ಚುಗಳನ್ನೂ, ಆ ಬ್ಯಾಟರಿಗಳನ್ನು ಚಾರ್ಜ್ ಮಾಡುವ ಸ್ವಿಚ್ಚನ್ನೂ ಸೇರಿಸಿ, ಆರಿಸುವ ಅಭ್ಯಾಸ. ವಾರ ಕಳೆಯುವಷ್ಟರಲ್ಲಿ ಬ್ಯಾಟರಿ ಬರಿದಾಗಿ, ಒಂದು ಬೆಳಿಗ್ಗೆ ತಂದೆಯವರು ಆರನೆಯ ಮೆಟ್ಟಿಲಿನ ಮೇಲೆ ಪತ್ರಿಕೆ ಕೈಯಲ್ಲಿ ಹಿಡಿದು ಕುಳಿತೇ ಇದ್ದರು. ಈಗ ಆ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದೇವೆ.

ಉತ್ತರ 2 (ಚಿಕ್ಕಬಳ್ಳಾಪುರದಿಂದ)

ಕಟ್ಟಡದ ಕೆಲಸದಲ್ಲಿರುವವನಾಗಿ ಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಹಳಿಯನ್ನು ಗೋಡೆಯ ಬದಿಗೇ, ಅಂದರೆ ತಿರುವಿನ ಹೊರಬದಿಗೇ ಹಾಕಿಸಿ. ಒಂದೇ ತುದಿಯಲ್ಲಿ ನಾಟಿದ ಚಪ್ಪಡಿಗೆ ಭಾರ ಗೋಡೆಯಿಂದ ದೂರ ಸರಿದಷ್ಟೂ ಬುಡದಲ್ಲಿ ಎಳೆತ ಹೆಚ್ಚುತ್ತದೆ. ಗೋಡೆಯಿಂದ 1 ಅಡಿ ದೂರದಲ್ಲಿ ಕೂತ ಭಾರಕ್ಕಿಂತ 2 ಅಡಿ ದೂರದಲ್ಲಿ ನಿಂತ ಅಷ್ಟೇ ಭಾರ ಎರಡರಷ್ಟು ಎಳೆಯುತ್ತದೆ. ರಾಗಿ ಮೂಟೆ ಹೊತ್ತವರು ಇಷ್ಟು ವರ್ಷ ಅಂಚಿನಲ್ಲೇ ಹತ್ತಿರಬೇಕು, ಆದರೂ ಅದನ್ನೇ ನಂಬಿ ಕೂರಬೇಡಿ. ಪ್ರತಿ ಕಲ್ಲನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿಸಿ. ಗಟ್ಟಿ ಕಲ್ಲು ಕಣಕಣ ಎನ್ನುತ್ತದೆ. ಒಳಬಿರುಕಿರುವುದು ಒಡಕು ಮಡಕೆಯಂತೆ ಸದ್ದು ಮಾಡುತ್ತದೆ. ಅಂಥದ್ದು ಒಂದಿದ್ದರೂ, ಎಡತುದಿಗಳ ಅಡಿಯಲ್ಲಿ ಓರೆಯಾಗಿ ಒಂದು ಉಕ್ಕಿನ ತೊಲೆ ಕೊಟ್ಟ ಮೇಲೆಯೇ ಮುಂದಿನ ಮಾತು.

ರಂಧ್ರ ಕೊರೆಯುವಾಗ ಸುತ್ತಿಗೆಯಂತೆ ಬಡಿಯುವ ಡ್ರಿಲ್ ಬೇಡ, ವಜ್ರದ ತುದಿಯ ಕೊರೆತ ಮಾಡಿಸಿ. ಬಿಗಿದಂತೆ ಹಿಗ್ಗುವ ಬೋಲ್ಟ್ ಕಲ್ಲನ್ನು ಒಳಗಿನಿಂದ ಸೀಳಬಲ್ಲದು. ರಾಸಾಯನಿಕ ಅಂಟಿನಲ್ಲಿ ಕೂರಿಸುವ ಬೋಲ್ಟೇ ಮೇಲು, ಅದೂ ಅಂಚಿನಿಂದ ಸಾಕಷ್ಟು ಒಳಗೆ. ಒಂದು ನಷ್ಟವನ್ನೂ ಹೇಳಿಬಿಡಬೇಕು: ತಿರುವಿನಲ್ಲಿ ಅಗಲವಾದ ಹೊರಭಾಗವನ್ನು ಹಳಿ ತೆಗೆದುಕೊಂಡ ಮೇಲೆ, ಮನೆಯ ಉಳಿದವರಿಗೆ ಕಾಲಿಡಲು ಕಿರಿದಾದ ಒಳಭಾಗವಷ್ಟೇ ಉಳಿಯುತ್ತದೆ. ಎಡಬದಿಗೆ ಅಲುಗದ ಕಂಬಿ ಹಾಕಿಸದೆ ಇದಕ್ಕೆ ಕೈಹಾಕಬೇಡಿ.

ಉತ್ತರ 3 (ತುಮಕೂರಿನಿಂದ)

ಮಂಡಿ ಮಡಚಲು ನೋವಿದ್ದರೆ, ಅರ್ಧ ನಿಂತಂತೆ ಒರಗಿಕೊಳ್ಳುವ ಎತ್ತರದ ಆಸನವೂ ಇದೆ. ಮಂಡಿ ಮುಂದೆ ಚಾಚುವುದು ಕಡಿಮೆಯಾಗುವುದರಿಂದ ಅಗಲವೂ ಉಳಿಯುತ್ತದೆ. ಆದರೆ ಇಡೀ ದಾರಿ ಕಾಲಿನ ಮೇಲೆ ಭಾರ ಹೊರಬಲ್ಲವರಿಗೆ ಮಾತ್ರ ಅದು.

ಪ್ರಶ್ನೆ ಕೇಳಿದವರಿಂದ

ಅಳತೆ ಮಾಡಿದೆವು. ತಾಯಿಯವರಿಗೆ ಗೋಡೆಯಿಂದ ಮಂಡಿಗೆ 21 ಅಂಗುಲ. ಬಿಗಿಯಾದರೂ ಹಿಡಿಸೀತು ಎನಿಸುತ್ತದೆ. ಒರಗುವ ಆಸನವನ್ನು ಅವರು ಕೇಳಿದ ಕೂಡಲೇ ಬೇಡವೆಂದರು. ಸುತ್ತಿಗೆಯ ಪರೀಕ್ಷೆಯಲ್ಲಿ 16 ಕಲ್ಲು ಕಣಕಣ ಎಂದವು. ತಿರುವಿನ ನಡುವಿನದು ಮಾತ್ರ ಹಾಗೆನ್ನಲಿಲ್ಲ, ಧೂಳು ಒರೆಸಿ ನೋಡಿದಾಗ ಗೋಡೆಯ ಹತ್ತಿರವೇ ಕೂದಲೆಳೆಯಂಥ ಬಿರುಕು ಕಂಡಿತು. ತೊಲೆಯ ಲೆಕ್ಕ ಹಾಕಿಸಲು ಇಂಜಿನಿಯರರನ್ನು ಗುರುವಾರ ಕರೆದಿದ್ದೇವೆ. ಅಲ್ಲಿಯವರೆಗೆ ಆ ಮೆಟ್ಟಿಲಿನ ಅಡಿಗೆ ಎರಡು ಸರ್ವೆ ಕಂಬ ಕೊಟ್ಟಿದ್ದೇವೆ.