ಹಳೆಯ ಮೈಕ್ರೋಸಾಫ್ಟ್ ಆಫೀಸ್ ತೆಗೆದರೂ ಹೊಸದು ಕೂರುತ್ತಿಲ್ಲ, ಅನುಭವ ಇದ್ದವರು ಹೇಳಿ

ಬದಿಯಡ್ಕದ ಜೆರಾಕ್ಸ್‌ನವ:
ನಮ್ಮದು ಬದಿಯಡ್ಕದಲ್ಲಿ ಸಣ್ಣ ಟೈಪಿಂಗ್, ಜೆರಾಕ್ಸ್ ಅಂಗಡಿ. ವಿಂಡೋಸ್ 10 ಇರುವ ಡೆಸ್ಕ್‌ಟಾಪ್. ಅದರಲ್ಲಿ ವರ್ಡ್, ಎಕ್ಸೆಲ್ ಇರುವ ಆಫೀಸ್ 2010 ಇತ್ತು. ಈಗ ಬಿಲ್ ಸಮೇತ ಆಫೀಸ್ 2021 ತೆಗೆದುಕೊಂಡಿದ್ದೇನೆ. ಹಾಕಲು ಹೋದರೆ ಸ್ವಲ್ಪ ಹೊತ್ತು ತಿರುಗಿ, ನಿಮ್ಮಲ್ಲಿ 32 ಬಿಟ್ ಪ್ರೋಗ್ರಾಂ ಉಂಟು, 64 ಬಿಟ್ ಹಾಕಲು ಆಗುವುದಿಲ್ಲ ಅಂತ ನಿಲ್ಲುತ್ತದೆ. ಪ್ರೋಗ್ರಾಂ ಹೀಗೆ 32 ಬಿಟ್, 64 ಬಿಟ್ ಅಂತ ಎರಡು ನಮೂನೆಯಲ್ಲಿ ಬರುತ್ತದಂತೆ. 2010 ತೆಗೆದು ನೋಡಿದೆ, ಆದರೂ ಅದೇ ಮೆಸೇಜು. ಇದೇ ಕಂಪ್ಯೂಟರಿನಲ್ಲಿ ಒಂದು ಸೊಸೈಟಿಯ ಲೆಕ್ಕದ ಸಾಫ್ಟ್‌ವೇರ್ ಉಂಟು, ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ವರ್ಷಗಟ್ಟಲೆಯ ಕನ್ನಡ ಫೈಲುಗಳೂ ಉಂಟು. ರಿಪೇರಿಯವರು ಫಾರ್ಮ್ಯಾಟ್ ಮಾಡಿ, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸತಾಗಿ ಹಾಕಿ ಅಂತಾರೆ. ಸೊಸೈಟಿಯ ಮಹಾಸಭೆಯ ವರದಿ ಬೇರೆ ಟೈಪ್ ಆಗಬೇಕು. ಮಾಡಿಸಬಹುದಾ?

ಉಪ್ಪಳದವ:
ಫಾರ್ಮ್ಯಾಟ್ ಅಂತ ಕೇಳಿದ ಕೂಡಲೇ ನನಗೆ ಮೈ ಉರಿಯುತ್ತದೆ. ನನ್ನ ಕಥೆ ಕೇಳಿ. ಲ್ಯಾಪ್‌ಟಾಪ್ ಒಟ್ಟಿಗೆ ಆಫೀಸ್ ಬಂದಿತ್ತು, ಒಂದು ಸಲ ದುಡ್ಡು ಕೊಟ್ಟರೆ ಆಯಿತು ಅನ್ನುವ ಜಾತಿಯದ್ದು. ವರ್ಡ್ ತೆರೆಯುವಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು, ಅಷ್ಟೇ. ಮಂಗಳೂರಿನ ಒಂದು ಅಂಗಡಿಗೆ ಕೊಂಡುಹೋದೆ. ಫಾರ್ಮ್ಯಾಟಿಗೆ 600, ಆಂಟಿವೈರಸ್ ಅಂತ 450, ಕ್ಲೀನಿಂಗ್ ಅಂತ 200. ಕ್ಲೀನಿಂಗ್ ಎಂತದ್ದು ಅಂತ ಇವತ್ತಿಗೂ ಗೊತ್ತಿಲ್ಲ, ಕೀಬೋರ್ಡಿನ ಎಡೆಯಲ್ಲಿ ಬಿಸ್ಕೆಟಿನ ಹುಡಿ ಹಾಗೇ ಇತ್ತು. ಬ್ಯಾಕಪ್ ತೆಗೆದಿದ್ದೇವೆ ಅಂದರು. ತೆಗೆದದ್ದು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮಾತ್ರ. ನನ್ನ ಲೆಕ್ಕಪತ್ರ ಎಲ್ಲ ಸಿ ಡ್ರೈವಿನಲ್ಲಿ ಬೇರೆ ಫೋಲ್ಡರಿನಲ್ಲಿ ಇತ್ತು. ಹೋಯಿತು. ಅದನ್ನು ವಾಪಸು ತೆಗೆಸಲು ಇನ್ನೊಬ್ಬನಿಗೆ 2,800 ಕೊಟ್ಟೆ, ಸಿಕ್ಕಿದ್ದು ಅರ್ಧ, ಅದರಲ್ಲೂ ಫೈಲಿನ ಹೆಸರು ಎಲ್ಲ ನಂಬರ್.
ಮತ್ತೆ ಆಫೀಸ್ ಹಾಕುವಾಗ ಇನ್ನೊಂದು ತಮಾಷೆ. ಆ ಆಫೀಸನ್ನು ಮೊದಲು ಚಾಲೂ ಮಾಡುವಾಗ ಲ್ಯಾಪ್‌ಟಾಪ್ ಮಾರಿದವನು ತನ್ನದೇ ಇಮೇಲ್ ಕೊಟ್ಟಿದ್ದ. ಲೈಸೆನ್ಸ್ ಆ ಇಮೇಲಿಗೆ ಅಂಟಿಕೊಳ್ಳುತ್ತದೆ. ಅವನು ಅಂಗಡಿ ಮುಚ್ಚಿ ಗಲ್ಫಿಗೆ ಹೋಗಿ ಆಗಿದೆ. ಒಟ್ಟು 4,050 ರೂಪಾಯಿ ಕೈಬಿಟ್ಟು, ಕೊನೆಗೆ ಹೊಸ ಆಫೀಸಿಗೆ ಬೇರೆ ದುಡ್ಡು. ಮಾಡಿಸಿ, ಬೇಕಾದರೆ ಮಾಡಿಸಿ.

ಕುಂಬಳೆ ಮಾಷ್ಟ್ರು:
ಬಿಲ್ ಇದ್ದರೆ ವಾಪಸು ಕೊಡಲು ಆಗುತ್ತದಾ ನೋಡಿ. ಆಫೀಸ್ 2021ಕ್ಕೆ ಅಪ್‌ಡೇಟ್ ಸಿಗುವುದು 2026ರ ಅಕ್ಟೋಬರ್ 13ರ ತನಕ. ನಿಮ್ಮ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಇದಕ್ಕೆಲ್ಲ ಯಾಕೆ ದುಡ್ಡು ಸುರಿಯುವುದು? ಬಿಟ್ಟಿ ಸಿಗುವ ಲಿಬ್ರೆ ಆಫೀಸ್ ಹಾಕಿ. ಮುನ್ನೂರೈವತ್ತು ಎಂಬಿ ಆಸುಪಾಸು, ಕೀ ಇಲ್ಲ, ಇಮೇಲ್ ಇಲ್ಲ, ಯಾರ ಅಂಗಡಿಗೂ ಹೋಗುವುದು ಬೇಡ.
ನಮ್ಮ ಕೇರಳದ ಶಾಲೆಗಳಲ್ಲಿ ಇದೇ ನಡೆಯುವುದು. 2001ರಲ್ಲಿ ಐಟಿ ಅಟ್ ಸ್ಕೂಲ್ ಅನ್ನುವ ಸರಕಾರದ ಯೋಜನೆ ಶುರುವಾಯಿತು, 2017ರಲ್ಲಿ ಅದೇ ಕೈಟ್ ಅನ್ನುವ ಸರಕಾರಿ ಕಂಪನಿ ಆಯಿತು. ಮಕ್ಕಳು ವಿಂಡೋಸ್ ಬದಲು ಲಿನಕ್ಸಿನಲ್ಲೇ ಕಲಿಯುತ್ತಾರೆ, ಐಟಿ ಪರೀಕ್ಷೆ ಅದರಲ್ಲೇ ಬರೆಯುತ್ತಾರೆ, ಕನ್ನಡ ಮಾಧ್ಯಮದವರೂ ಕೂಡ. ನನ್ನ ಮನೆಯ ಹಳೆಯ ಕಂಪ್ಯೂಟರಿಗೆ 2 ಜಿಬಿ ರ‍್ಯಾಮ್. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ ಮೇಲೆ ವೈರಸ್ ಅಂದರೆ ಎಂತ ಅಂತಲೇ ಮರೆತಿದ್ದೇನೆ. ವೈಫೈ ಸಿಗಲು ಮಾತ್ರ ಸ್ವಲ್ಪ ಮಂಡೆಬಿಸಿ ಆಯಿತು, ಕೊನೆಗೆ ಯುಎಸ್‌ಬಿ ವೈಫೈ ತುಂಡು 380 ಕೊಟ್ಟು ತಂದೆ. ಮೊದಲು ತಂದದ್ದು ಹಿಡಿಯಲಿಲ್ಲ, ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ, ಅದೊಂದು 290 ದಂಡ. ಆದರೂ ಲಾಭವೇ.

ಮುಳ್ಳೇರಿಯ ಡಿಟಿಪಿ:
ಮಾಷ್ಟ್ರೇ, ನಿಮಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿದರೆ ಆಯಿತು. ನಮಗೆ ಗಿರಾಕಿ ಎದುರಿಗೆ ನಿಂತಿರುತ್ತಾರೆ. ಲಿಬ್ರೆಯಲ್ಲಿ ನಾನೂ ಒಂದು ಮಳೆಗಾಲ ಪೂರ್ತಿ ಒದ್ದಾಡಿದ್ದೇನೆ. ವರ್ಡಿನಲ್ಲಿ ಮಾಡಿದ ಫೈಲ್ ತಂದುಕೊಡುತ್ತಾರೆ, ತೆರೆದ ಕೂಡಲೇ ಕ್ಯಾಲಿಬ್ರಿ ಫಾಂಟ್ ಹೋಗಿ ಕಾರ್ಲಿಟೋ ಬರುತ್ತದೆ, ಟೇಬಲ್ಲಿನ ಗೆರೆ ಕೆಳಗೆ ಜಾರುತ್ತದೆ, ಎರಡು ಪುಟದ ಅರ್ಜಿ ಎರಡೂವರೆ ಪುಟ ಆಗುತ್ತದೆ. ಅಕ್ಕ, ನಿಮ್ಮಲ್ಲಿ ಪ್ರಿಂಟ್ ಸರಿ ಬರುವುದಿಲ್ಲ ಅಂತ ಗಿರಾಕಿ ಆಚೆ ಅಂಗಡಿಗೆ ನಡೆದರೆ ಕೈಟ್‌ನವರು ಬಂದು ಕೊಡುತ್ತಾರಾ?
ಮತ್ತೆ ನನ್ನಲ್ಲಿ ಮದುವೆ ಕಾಗದ ಎರಡು ಭಾಷೆಯಲ್ಲಿ. ಕನ್ನಡ ನುಡಿಯ ಹಳೆಯ ಫಾಂಟಿನಲ್ಲಿ, ಮಲಯಾಳ ಐಎಸ್‌ಎಂ ಸಾಫ್ಟ್‌ವೇರಿನ ಕಾರ್ತಿಕ ಫಾಂಟಿನಲ್ಲಿ. ಎರಡೂ ಯುನಿಕೋಡ್ ಅಲ್ಲ, ಅಂದರೆ ಬೇರೆ ಫಾಂಟಿನಲ್ಲಿ ಓದಲು ಬರುವುದಿಲ್ಲ. ಫಾಂಟ್ ಒಂದು ತಪ್ಪಿದರೆ ವರನ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಕಸ. 300 ಕಾಗದ, ಆರ್ಟ್ ಪೇಪರ್, ಪ್ರಿಂಟಿಗೆ ಹೋಗುವ ಮೊದಲು ಹುಡುಗಿಯ ಮಾವ ನೋಡಿದರು, ಇಲ್ಲದಿದ್ದರೆ 5,400 ರೂಪಾಯಿ ನೀರಿನಲ್ಲಿ. ಸುಮ್ನೆ ಬಿಟ್ಟಿ ಸಿಗುತ್ತದೆ ಅಂತ ಹೇಳಬೇಡಿ.

ಕುಂಬಳೆ ಮಾಷ್ಟ್ರು:
ಅದು ಲಿಬ್ರೆಯ ತಪ್ಪಲ್ಲ ಅಕ್ಕ, ನೀವು ಇನ್ನೂ ಯುನಿಕೋಡಿಗೆ ಬಾರದ್ದು. ಕನ್ವರ್ಟರ್ ಉಂಟು, ಒಂದು ಸಲ ಬದಲಿಸಿ ಇಟ್ಟರೆ ಮುಗಿಯಿತು.

ಮುಳ್ಳೇರಿಯ ಡಿಟಿಪಿ:
ಕನ್ವರ್ಟರಿನಿಂದ ಬಂದದ್ದನ್ನು ಒಂದೊಂದೇ ಒತ್ತಕ್ಷರ ಹಿಡಿದು ತಿದ್ದಲು ನೀವು ಬರುತ್ತೀರಾ? ಬನ್ನಿ, ಚಹಾ ಕೊಡುತ್ತೇನೆ.

ಪೆರ್ಲದ ಭಟ್ರು:
ಇಲ್ಲಿ ಯಾರೂ ಗಡಿಯಾರ ನೋಡಲಿಲ್ಲ. ಪರದೆಯ ಬಲಬದಿ ಕೆಳಗೆ ತಾರೀಕು ಸರಿ ಉಂಟಾ?
ನಮ್ಮಲ್ಲಿ ಆದದ್ದು ಹೀಗೆ. ಗುಡುಗು ಶುರುವಾದರೆ ನಾನು ಪ್ಲಗ್ ಎಲ್ಲ ಎಳೆದು ಇಡುವವ. ಒಮ್ಮೆ ಮಿಂಚಿಗೆ ಮೋಡೆಮ್ ಕರಟಿದೆ, 1,600 ಹೋಗಿದೆ, ಅಂದಿನಿಂದ ಅಭ್ಯಾಸ. ಆಮೇಲೆ ಆಫೀಸ್ ಹಾಕಲು ಕೂತರೆ ಇಂಟರ್ನೆಟ್ ಇಲ್ಲ ಅನ್ನುತ್ತದೆ. ಯೂಟ್ಯೂಬ್ ಮೊಬೈಲಿನಲ್ಲಿ ಚೆನ್ನಾಗಿ ಓಡುತ್ತಿದೆ! ಕಂಪ್ಯೂಟರಿನ ಬ್ರೌಸರಿನಲ್ಲಿ ಯಾವ ಪುಟ ತೆರೆದರೂ ಸುರಕ್ಷಿತ ಅಲ್ಲ ಅಂತ ಕೆಂಪು ಗುರುತು. ಇಂಟರ್ನೆಟ್ ಕಂಪನಿಯವರಿಗೆ ಫೋನ್ ಮಾಡಿ ಬೈದೆ, ಮಗನಿಗೆ ಬೈದೆ, ಕೇಬಲ್ ಹೊಸತು ಹಾಕಿಸಿದೆ, 15 ಮೀಟರಿಗೆ 450. ಕಡೆಗೆ ನೋಡುವಾಗ ತಾರೀಕು 2009ಕ್ಕೆ ಹೋಗಿದೆ. ಮದರ್‌ಬೋರ್ಡಿನಲ್ಲಿ ಗುಂಡಗೆ ಒಂದು ಬ್ಯಾಟರಿ ಉಂಟು, ಸಿಆರ್ 2032, ಅದು ಸತ್ತಿದೆ. ಪ್ಲಗ್ ಎಳೆದ ಕೂಡಲೇ ಕಂಪ್ಯೂಟರಿಗೆ ಕಾಲ ಮರೆಯುತ್ತದೆ. ತಾರೀಕು ತಪ್ಪಿದರೆ ಸೈಟಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ ಅಂತ ಅದು ಲೆಕ್ಕ ಹಾಕುತ್ತದೆ, ಡೌನ್‌ಲೋಡ್ ಬಿಡುವುದಿಲ್ಲ. ಬ್ಯಾಟರಿಗೆ 40 ರೂಪಾಯಿ. ಸ್ಕ್ರೂ ಬಿಚ್ಚಿ, ಬದಿಯ ಕೊಕ್ಕೆ ಉಗುರಿನಿಂದ ಒತ್ತಿದರೆ ತಾನೇ ಮೇಲೆ ಹಾರುತ್ತದೆ. 40 ರೂಪಾಯಿಯ ಕೆಲಸಕ್ಕೆ ನಾನು 450ರ ಕೇಬಲ್ ಹಾಕಿಸಿದೆ, ಕೇಬಲ್ ಹಾಕಿದವನು ತಾರೀಕು ನೋಡಿದನಾ? ಇಲ್ಲ.

ಉಪ್ಪಳದವ:
ಭಟ್ರೇ, ಅವರಿಗೆ ಬರುವುದು 32 ಬಿಟ್ಟಿನ ಮೆಸೇಜು. ಇಂಟರ್ನೆಟ್ ಇಲ್ಲ ಅಂತ ಅಲ್ಲ.

ಪೆರ್ಲದ ಭಟ್ರು:
ಆದರೂ ನೋಡಿಡುವುದು ಒಳ್ಳೆಯದಲ್ವಾ. ಆಫೀಸ್ 2010 ಇದ್ದ ಕಂಪ್ಯೂಟರ್ ಅಂತ ಅವರೇ ಹೇಳುತ್ತಾರೆ.

ಹೊಸಂಗಡಿ:
ಇಷ್ಟೆಲ್ಲ ಯಾಕೆ ಮಾರಾಯ್ರೆ. ಆನ್‌ಲೈನಿನಲ್ಲಿ 499ಕ್ಕೆ ಆಫೀಸ್ ಚಾಲೂ ಮಾಡುವ ಕೀ ಸಿಗುತ್ತದೆ. ನಾನು ತೆಗೆದು ಹಾಕಿ ವರ್ಷ ಆಯಿತು, ಚಂದ ಓಡುತ್ತಿದೆ.

ಉಪ್ಪಳದವ:
ಆ ಕೀ ಯಾವುದೋ ದೊಡ್ಡ ಸಂಸ್ಥೆಗೆ ಕೊಟ್ಟದ್ದು, ಚಿಲ್ಲರೆ ಮಾರಲು ಅಲ್ಲ. ಬ್ಲಾಕ್ ಆದ ದಿನ ಗೊತ್ತಾಗುತ್ತದೆ. ಇನ್ನು ಕೆಲವರು ಲೈಸೆನ್ಸ್ ಇಲ್ಲದೆ ಓಡಿಸುವ ಕ್ರ್ಯಾಕ್ ಹಾಕಲು ಆಂಟಿವೈರಸ್ ಬಂದ್ ಮಾಡಿ ಅಂತಾರೆ. ಕಳ್ಳನಿಗೆ ಬಾಗಿಲು ತೆರೆದುಕೊಟ್ಟ ಹಾಗೆ.

ಹೊಸಂಗಡಿ:
ನಾನು ಕ್ರ್ಯಾಕ್ ಅಂದೆನಾ? ಕೀ ಅಂದೆ. 4,050 ಕಳೆದುಕೊಂಡವರು ನನಗೆ ಬುದ್ಧಿ ಹೇಳುವುದು ಬೇಡ.

ನೀರ್ಚಾಲಿನವ:
ಕೇಳಿದ್ದಕ್ಕೆ ಉತ್ತರ ಯಾರೂ ಕೊಡಲಿಲ್ಲ. 2010 ತೆಗೆದರೂ ಅದರ ಬಾಲ ಉಳಿಯುತ್ತದೆ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಇನ್‌ಸ್ಟಾಲರ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅಡಗಿಸಿಟ್ಟ ಒಂದು ಫೋಲ್ಡರ್ ತೆರೆಯುತ್ತದೆ. ಅದರಲ್ಲಿ ಫೈಲಿನ ಹೆಸರು ನೋಡಿ ಎಂತದ್ದೂ ಅರ್ಥ ಆಗುವುದಿಲ್ಲ, ಎಲ್ಲ ಅಕ್ಷರ ಅಂಕೆ ಕಲಸಿದ್ದು. ಮೇಲಿನ ಕಾಲಮ್ಮಿನ ಸಾಲಿನಲ್ಲಿ ರೈಟ್ ಕ್ಲಿಕ್ ಮಾಡಿ ಸಬ್ಜೆಕ್ಟ್ ಅನ್ನುವ ಕಾಲಂ ಸೇರಿಸಿ. ಆಗ ಯಾವುದು ಎಂತ ಅಂತ ಕಾಣುತ್ತದೆ. ನನ್ನಲ್ಲಿ ಕ್ಲಿಕ್ ಟು ರನ್ ಎಕ್ಸ್‌ಟೆನ್ಸಿಬಿಲಿಟಿ ಕಾಂಪೊನೆಂಟ್ ಅಂತ ಒಂದು 32 ಬಿಟ್ಟಿನದ್ದು ಕೂತಿತ್ತು. ಅದರ ಮೇಲೆ ರೈಟ್ ಕ್ಲಿಕ್, ಅನ್‌ಇನ್‌ಸ್ಟಾಲ್. ಬೇರೆ ಫೈಲ್ ಮುಟ್ಟಬಾರದು, ಡಿಲೀಟ್ ಅಂತೂ ಬೇಡವೇ ಬೇಡ.
ನಿಮ್ಮಲ್ಲಿ 2010ರ ಕಾಲದ್ದಾದರೆ ನನ್ನ ಅಂದಾಜು ಬೇರೆ. ಲೆಕ್ಕದ ಸಾಫ್ಟ್‌ವೇರ್ ಉಂಟು ಅಂದಿರಲ್ಲ. ಕಂಟ್ರೋಲ್ ಪ್ಯಾನಲ್ಲಿನಲ್ಲಿ ಆಕ್ಸೆಸ್ ಡೇಟಾಬೇಸ್ ಎಂಜಿನ್ ಅಂತ ಒಂದು ಸಾಲು ಉಂಟಾ ನೋಡಿ. ಇದ್ದರೆ ಅದನ್ನು ಕಿತ್ತು ಬಿಸಾಡಿ.

ಮಂಜೇಶ್ವರದ ಅಕೌಂಟೆಂಟ್:
ಕಿತ್ತು ಬಿಸಾಡಿ ಅಂತ ಹೇಳಲು ನಿಮಗೆಂತ, ಸೊಸೈಟಿ ನಿಮ್ಮದಲ್ಲವಲ್ಲ. ಅದು ಲೆಕ್ಕದ ಸಾಫ್ಟ್‌ವೇರಿನ ಒಟ್ಟಿಗೆ ಬಂದದ್ದು. ಆ ಎಂಜಿನ್ ಮೂಲಕವೇ ಅದು ಡೇಟಾ ಓದುವುದು. ನಮ್ಮಲ್ಲಿ ಒಬ್ಬ ಪುಣ್ಯಾತ್ಮ ಇದೇ ಬುದ್ಧಿ ಹೇಳಿ ತೆಗೆಸಿದ. ಆಫೀಸ್ ಹತ್ತು ನಿಮಿಷದಲ್ಲಿ ಕೂತಿತು, ಎಲ್ಲರಿಗೂ ಖುಷಿ. ಮರುದಿನ ಲೆಕ್ಕದ ಪ್ರೋಗ್ರಾಂ ತೆರೆದರೆ ಪ್ರೊವೈಡರ್ ಇಲ್ಲ ಅಂತ ಒಂದೇ ಸಾಲು. ಹಾಲಿನ ಲೆಕ್ಕ, ಸಾಲದ ಕಂತು ಎಲ್ಲ ನಿಂತಿತು. ಸಾಫ್ಟ್‌ವೇರ್ ಮಾಡಿಕೊಟ್ಟವರನ್ನು ಕರೆದರೆ ವಿಸಿಟಿಗೆ 1,500, ಕಾಸರಗೋಡಿನಿಂದ ಬಂದ ಆಟೋದ ಬಾಡಿಗೆ ಬೇರೆ, ಊಟವೂ ನಮ್ಮದೇ. ಅವರು ಹಳೆಯ ಎಂಜಿನ್ ಹಾಕಲು ಹೋದರೆ ಈಗ 64 ಬಿಟ್ ಆಫೀಸ್ ಉಂಟು, ಆಗುವುದಿಲ್ಲ ಅನ್ನುತ್ತದೆ. ಪುನಃ ಆಫೀಸ್ ತೆಗೆದು, ಪುನಃ ಎಂಜಿನ್ ಹಾಕಿ, ಮತ್ತೆ 32 ಬಿಟ್ ಆಫೀಸ್ ಹಾಕಿ ಎದ್ದು ಹೋದರು.
ಬದಿಯಡ್ಕದವರೇ, ನೀವು ಎಂತದ್ದೂ ತೆಗೆಯಬೇಡಿ. ನಿಮ್ಮ ಇಮೇಲಿನಿಂದ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ, ಇನ್‌ಸ್ಟಾಲ್ ಬಟನ್ ಹತ್ತಿರ ಅದರ್ ಆಪ್ಷನ್ಸ್ ಇರುತ್ತದೆ, ಅಲ್ಲಿ 32 ಬಿಟ್ ಅಂತ ಆರಿಸಿ. ಆರಿಸದಿದ್ದರೆ 2019ರಿಂದ ಈಚೆಗೆ ತಾನಾಗಿ 64 ಬಿಟ್ಟೇ ಬರುವುದು. ನೆಟ್ ನಿಧಾನ ಇದ್ದರೆ ಅಲ್ಲೇ ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿ, ಕೆಲವು ಜಿಬಿ ಉಂಟು, ರಾತ್ರಿ ಹಾಕಿಟ್ಟು ಮಲಗಿ. ನೀವು ಟೈಪ್ ಮಾಡುವ ಗಾತ್ರಕ್ಕೆ 64 ಬಿಟ್ಟೇ ಬೇಕು ಅಂತ ಏನೂ ಇಲ್ಲ.

ನೀರ್ಚಾಲಿನವ:
ನಾನು ಇದ್ದರೆ ನೋಡಿ ಅಂದೆ. ಎಲ್ಲರ ಸೊಸೈಟಿಯೂ ನಿಮ್ಮದರ ಹಾಗೆ ಓಬೀರಾಯನ ಕಾಲದ ಸಾಫ್ಟ್‌ವೇರ್ ಇಟ್ಟುಕೊಂಡಿರುವುದಿಲ್ಲ.

ಮಂಜೇಶ್ವರದ ಅಕೌಂಟೆಂಟ್:
ನೋಡಿ ಅಲ್ಲ, ಬಿಸಾಡಿ ಅಂದದ್ದು. ಮೇಲೆ ಹಾಗೇ ಉಂಟು, ಓದಿ.

ಬದಿಯಡ್ಕದ ಜೆರಾಕ್ಸ್‌ನವ:
ಎಂಜಿನ್ ಉಂಟು, ಕಾಣಿಸಿತು. ಮುಟ್ಟಲಿಲ್ಲ. 32 ಬಿಟ್ ಆರಿಸಿ ಹಾಕಿದೆ, ಕೂತಿದೆ. ಲೆಕ್ಕದ್ದು ತೆರೆಯುತ್ತದೆ. ನುಡಿ ಫೈಲು ಕೂಡ ಸರಿ ಕಾಣುತ್ತದೆ. ಭಟ್ರೇ, ತಾರೀಕು ಸರಿಯೇ ಇತ್ತು. ಒಂದೇ ಒಂದು, ವರ್ಡ್ ತೆರೆಯಲು ತುಂಬಾ ಹೊತ್ತು ಬೇಕು. ಹಾರ್ಡ್‌ಡಿಸ್ಕ್ ಬದಲು ಬೇಗ ಓಡುವ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಬೇಕಾ?

ಕುಂಬಳೆ ಮಾಷ್ಟ್ರು:
ಹಾಕಿಸಿ. ಹೇಗೂ ತೆರೆಯುತ್ತೀರಿ, ಒಟ್ಟಿಗೆ ಲಿನಕ್ಸ್...

ಮುಳ್ಳೇರಿಯ ಡಿಟಿಪಿ:
ಮಾಷ್ಟ್ರೇ!

ಉಪ್ಪಳದವ:
256 ಜಿಬಿಗೆ ನನಗೆ 1,850 ಬಿದ್ದಿದೆ, ಮಂಗಳೂರಿನಲ್ಲಿ. ಹಾಕುವ ಕೂಲಿ 300 ಬೇರೆ. ಹಳೆಯ ಡಿಸ್ಕ್ ಕೇಳಿ ವಾಪಸು ತೆಗೆದುಕೊಳ್ಳಿ, ಅಲ್ಲೇ ಬಿಡಬೇಡಿ.

ಹೊಸಂಗಡಿ:
1,850ಆ? ಕಾಸರಗೋಡಿನಲ್ಲಿ 1,500ಕ್ಕೆ ಕೊಡುತ್ತಿದ್ದರು. ಮಂಗಳೂರು ಮಂಗಳೂರು ಅಂತ ಓಡುವುದು ಯಾಕೆ ಅಂತ.

ಉಪ್ಪಳದವ:
ವಾರಂಟಿ ಉಂಟಾ ನಿಮ್ಮ 1,500ಕ್ಕೆ? ಅಥವಾ ಅದೂ 499ರ ಕೀಯ ಅಂಗಡಿಯದ್ದೇ?