ಕಸದ ಗಾಡಿ ನಿಂತು ನಾಲ್ಕು ದಿನ: ಮುಷ್ಕರದಲ್ಲಿರುವವರಿಗೆ ನಾವೇನು ಮಾಡಬಹುದು?

ಬಿಜೈ ಮೂರನೇ ಮಹಡಿ:
ನಮ್ಮ ಬೀದಿಯ ಕಸದ ಗಾಡಿಯ ಚಾಲಕರೂ ಲೋಡರುಗಳೂ ಸೋಮವಾರದಿಂದ ಕೆಲಸ ನಿಲ್ಲಿಸಿದ್ದಾರೆ. ಗುತ್ತಿಗೆದಾರರ ಮೂಲಕ ದುಡಿಸುವ ಹೊರಗುತ್ತಿಗೆ ಬೇಡ, ಪಾಲಿಕೆಯೇ ಸಂಬಳ ಕೊಡುವ ನೇರಪಾವತಿಗೆ ಸೇರಿಸಿ ಎನ್ನುವುದು ಬೇಡಿಕೆ. ನ್ಯಾಯವಾದದ್ದೇ. ಆದರೆ ನಮ್ಮದು ಇಪ್ಪತ್ತು ಮನೆಗಳ ವಸತಿ ಸಮುಚ್ಚಯ. ಇಂಥ ಹೊತ್ತಿನಲ್ಲಿ ಬಂಗುಡೆ ತಂದದ್ದು ನನ್ನದೇ ತಪ್ಪು. ಅದರ ತಲೆ, ಕರುಳು ಈಗ ಫ್ರೀಜರಿನಲ್ಲಿ, ಐಸ್‌ಕ್ರೀಮ್ ಡಬ್ಬಿಯೊಳಗೆ ಕುಳಿತಿವೆ. ಮನೆಗೆ ಇನ್ನೂರು ರೂಪಾಯಿ ಎತ್ತಿ ಖಾಸಗಿ ಪಿಕಪ್ ಕರೆಸೋಣ ಎನ್ನುತ್ತಾರೆ ಕಾರ್ಯದರ್ಶಿ. ಧರಣಿಗೆ ಚಹಾ, ಗೋಳಿಬಜೆ ಕಳುಹಿಸೋಣ ಎಂದೆ ನಾನು. ಎರಡನ್ನೂ ಮಾಡಬಹುದೇ?

ತೆಂಗಿನಬುಡ:
ಮಾಡಿದರೆ ಗೋಳಿಬಜೆ ಅವರ ಹೊಟ್ಟೆಗೆ, ಇನ್ನೂರು ರೂಪಾಯಿ ಅದೇ ಹೊಟ್ಟೆಯ ಮೇಲೆ. ಕಸ ಹೇಗೂ ಹೋಗುತ್ತಿದೆಯಲ್ಲ ಎಂದಾದರೆ ಅವರೊಡನೆ ಮಾತಿಗೆ ಕೂರುವವರು ಯಾರು? ಆ ಪಿಕಪ್ ಎಲ್ಲಿ ಸುರಿಯುತ್ತದೆ ಎಂದಾದರೂ ಕೇಳಿದಿರಾ? ಯಾವುದೋ ತೋಡಿನ ಬದಿಗೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ರಾಶಿ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟ, ಮನೆಗಳನ್ನು ನುಂಗಿದ್ದನ್ನು ನಾನು ನೋಡಿ ಬಂದಿದ್ದೇನೆ. ಅಡಿಕೆ ಮರಗಳ ತುದಿಯಷ್ಟೇ ಪ್ಲಾಸ್ಟಿಕ್ಕಿನ ಮೇಲೆ ಕಾಣುತ್ತಿತ್ತು.

2022ರ ಜುಲೈಯಲ್ಲಿ ರಾಜ್ಯದ ಪೌರಕಾರ್ಮಿಕರು ನಾಲ್ಕು ದಿನ ಪೊರಕೆ ಕೆಳಗಿಟ್ಟರು; ಸೆಪ್ಟೆಂಬರಿನಲ್ಲಿ 11,133 ಮಂದಿಯನ್ನು ಕಾಯಂ ಮಾಡಲು ಸಂಪುಟ ಒಪ್ಪಿತು. ಆ ಭಾಗ್ಯ ಗುಡಿಸುವವರಿಗೆ ಸಿಕ್ಕಿತು, ಗಾಡಿಯವರು ಹೊರಗೇ ಉಳಿದರು.

ಹಾಗಾಗಿ ಕಸವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ತೊಳೆದು ಒಣಗಿಸಿದ ಹಾಲಿನ ತೊಟ್ಟೆ ಹದಿನೈದು ದಿನವಿದ್ದರೂ ನಾರುವುದಿಲ್ಲ. ತರಕಾರಿ ಸಿಪ್ಪೆ ಬಕೆಟ್ಟಿಗೆ, ಮೇಲೆ ತರಗೆಲೆ. ಮೀನಿನದ್ದಕ್ಕೆ ತೆಂಗಿನ ಬುಡವೇ ಸರಿ: ಒಂದು ಮೊಳ ಆಳದ ಗುಂಡಿ, ಬೂದಿ, ಮಣ್ಣು, ಅದರ ಮೇಲೊಂದು ಕಲ್ಲು. ಕಲ್ಲು ಮರೆತರೆ ರಾತ್ರಿ ನಾಯಿಗಳ ಹಬ್ಬ.

ಕರ ಕಟ್ಟಿದವ:
ಮನೆ ತೆರಿಗೆಯ ಜೊತೆ ಕಸದ ಕರವನ್ನೂ ಕಟ್ಟಿದ್ದೇನೆ. ಹಾಸಿಗೆ ಹಿಡಿದ ಅಮ್ಮನಿಗೆ ದಿನಕ್ಕೆ ನಾಲ್ಕು ಡೈಪರ್ ಬೇಕು. ಅವನ್ನೂ ತೆಂಗಿನ ಬುಡಕ್ಕೆ ಹಾಕಲೇ?

ತೆಂಗಿನಬುಡ:
ಬೇಡ. ನಿಮ್ಮ ಸಿಟ್ಟು ಸರಿ. ಅದಕ್ಕೆ ನನ್ನಲ್ಲೂ ಒಳ್ಳೆಯ ಉತ್ತರವಿಲ್ಲ. ಕಾಗದದಲ್ಲಿ ಸುತ್ತಿ ಬೇರೆಯೇ ಚೀಲದಲ್ಲಿಡಿ. ಧರಣಿಯ ಜಾಗಕ್ಕೆ ಹೋಗಿ ನಿಮ್ಮ ಬೀದಿಯ ಲೋಡರನ್ನೇ ಕೇಳಿ. ಅಮ್ಮ ಮಲಗಿರುವುದು ಅವನಿಗೆ ಗೊತ್ತಿರುತ್ತದೆ, ಇಷ್ಟು ದಿನ ಆ ಚೀಲ ಎತ್ತಿದವನು ಅವನೇ ಅಲ್ಲವೇ? ಕರ ಕಟ್ಟಿದ ರಸೀದಿಯನ್ನೂ ಕೊಂಡುಹೋಗಿ. ಅದನ್ನು ತೋರಿಸಿ ಜಗಳವಾಡಬೇಕಾದದ್ದು ಕಚೇರಿಯ ಮೇಜಿನ ಮುಂದೆ, ಅವನ ಮುಂದಲ್ಲ.

ಬಿಜೈ ಮೂರನೇ ಮಹಡಿ:
ಪಿಕಪ್ ಬೇಡವೆಂದು ಹನ್ನೊಂದು ಮನೆಯವರು ಒಪ್ಪಿದರು. ಬೇಡಿಕೆ ಬೇಗ ಇತ್ಯರ್ಥಪಡಿಸಿ ಎಂದು ಬರೆದ ಪತ್ರಕ್ಕೆ ಒಂಬತ್ತು ಸಹಿ ಬಿದ್ದಿದೆ. ಕಾರ್ಯದರ್ಶಿ ಇನ್ನೂ ಕನ್ನಡಕ ಹುಡುಕುತ್ತಿದ್ದಾರೆ. ಬಂಗುಡೆಯನ್ನು ಹಿಂಭಾಗದ ತೆಂಗಿನ ಬುಡದಲ್ಲಿ ಹೂತೆ. ಕಲ್ಲು ಸಿಗದೆ ಹಳೆಯ ರುಬ್ಬುವ ಕಲ್ಲಿನ ಗುಂಡನ್ನೇ ಇಟ್ಟಿದ್ದೇನೆ.